ಹದಿನಾರು ತಾಸಿನ ಲೆಕ್ಕ

ಕೊಪ್ಪಳ, 18 ಜನವರಿ 2026, ಭಾನುವಾರ

ಸಮ (ಎರಡು, ನಾಲ್ಕು, ಆರನೇ) ಸೆಮಿಸ್ಟರಿನ ಕಾರ್ಯಭಾರ ಹಂಚಿಕೆಯ ಕರಡನ್ನು ಈ ವಾರ ಪ್ರಾಂಶುಪಾಲರಿಗೆ ಒಪ್ಪಿಸಬೇಕಾಗಿದೆ. ವೇಳಾಪಟ್ಟಿ ಸಮಿತಿಯ ಹೊಣೆ ನನ್ನದಾದ್ದರಿಂದ ಇಂದು ವಿಭಾಗವಾರು ಪಟ್ಟಿಗಳನ್ನು ಹರವಿಕೊಂಡು ಕುಳಿತಿದ್ದೆ. ಪ್ರತಿಯೊಬ್ಬ ಸಹಾಯಕ ಪ್ರಾಧ್ಯಾಪಕರ ಹೆಸರಿನ ಮುಂದೆ ವಾರಕ್ಕೆ 16 ತಾಸಿನ ಬೋಧನೆ ಎಂದು ಬರೆದರೆ ನಿಯಮ ಪಾಲಿಸಿದಂತಾಗುತ್ತದೆ, ಯಾರೂ ಆಕ್ಷೇಪಿಸಲಾರರು. ಆದರೂ ಆ ಪಟ್ಟಿಗೆ ಸಹಿ ಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ನಿಯಮ ಎಲ್ಲರಿಗೂ ತಿಳಿದದ್ದೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪೂರ್ಣಾವಧಿ ಅಧ್ಯಾಪಕರ ಕಾರ್ಯಭಾರ ವಾರಕ್ಕೆ 40 ತಾಸಿಗೆ ಕಡಿಮೆಯಿರಬಾರದು. ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನಗಳು. ಇದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ತಾಸು, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ತಾಸು. ಉಳಿದ ತಾಸುಗಳಲ್ಲಿ ತಯಾರಿ, ಮೌಲ್ಯಮಾಪನ, ವಿದ್ಯಾರ್ಥಿಗಳ ಮಾರ್ಗದರ್ಶನ, ಸಂಶೋಧನೆ ಎಲ್ಲವೂ ನಡೆಯಬೇಕು. 2016ರಲ್ಲಿ ಸಹಾಯಕ ಪ್ರಾಧ್ಯಾಪಕರ ಬೋಧನೆಯನ್ನು 24 ತಾಸಿಗೆ ಏರಿಸಲು ಹೊರಟ ಆಯೋಗವು ದೇಶದಾದ್ಯಂತ ಅಧ್ಯಾಪಕರು ವಿರೋಧಿಸಿದ ಮೇಲೆ ಹಿಂದೆ ಸರಿಯಿತು. ತರಗತಿಯಲ್ಲಿ ಕಣ್ಣಿಗೆ ಕಾಣುವುದಷ್ಟೇ ದುಡಿಮೆ ಎಂಬ ಎಣಿಕೆ ಅಂದು ಕಾಗದದ ಮೇಲೆ ಸೋತಿತಾದರೂ ನಮ್ಮ ಕಾಲೇಜುಗಳ ಹಂಚಿಕೆಯಲ್ಲಿ ಇನ್ನೂ ಉಳಿದುಕೊಂಡಿದೆ.

ಕಳೆದ ವಾರ ಭಾಷಾ ವಿಭಾಗದ ಮೇಡಂ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: "ಸರ್, ಹತ್ತು ಹುಡುಗರ ಕ್ಲಾಸೂ ಒಂದು ತಾಸು, ನೂರು ಹುಡುಗರ ಕ್ಲಾಸೂ ಒಂದು ತಾಸು ಅಂದ್ರ ಹ್ಯಾಂಗ್ರಿ?" ಇಂದು ಆ ಪ್ರಶ್ನೆಯನ್ನೇ ಲೆಕ್ಕಕ್ಕೆ ಹಚ್ಚಿ ನೋಡಿದೆ. ಒಬ್ಬರು ಒಂದೇ ಭಾಷಾ ಪತ್ರಿಕೆಯನ್ನು ನೂರು ನೂರು ವಿದ್ಯಾರ್ಥಿಗಳ ನಾಲ್ಕು ತರಗತಿ ವಿಭಾಗಗಳಿಗೆ (ಸೆಕ್ಷನ್) ತಲಾ ನಾಲ್ಕು ತಾಸು ಬೋಧಿಸುತ್ತಾರೆ ಎಂದುಕೊಳ್ಳೋಣ. ಎರಡು ಕಿರುಪರೀಕ್ಷೆಗಳಿಗೆ 800 ಉತ್ತರಪತ್ರಿಕೆಗಳಾಗುತ್ತವೆ. ಒಂದಕ್ಕೆ ಆರು ನಿಮಿಷ ಹಿಡಿದರೂ 80 ತಾಸು, ಹದಿನಾರು ವಾರಗಳಿಗೆ ಹಂಚಿದರೆ ವಾರಕ್ಕೆ ಐದು. ಇನ್ನೊಬ್ಬರು ಐಚ್ಛಿಕ ವಿಷಯದ ನಾಲ್ಕು ಬೇರೆ ಬೇರೆ ಪತ್ರಿಕೆಗಳನ್ನು ಹನ್ನೆರಡು ಹನ್ನೆರಡು ಮಂದಿಗೆ ಬೋಧಿಸುವವರು. ಅವರ ಮೌಲ್ಯಮಾಪನ ಇಡೀ ಸೆಮಿಸ್ಟರಿಗೆ ಹತ್ತು ತಾಸನ್ನೂ ಮುಟ್ಟುವುದಿಲ್ಲ. ಮೇಡಂ ಹೇಳಿದ್ದು ನಿಜವೆಂದು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ತಯಾರಿಯನ್ನೂ ಸೇರಿಸಿದಾಗ ಲೆಕ್ಕ ತಿರುಗಿ ಬಿತ್ತು. ಹೊಸ ಪಾಠವೊಂದಕ್ಕೆ ಕನಿಷ್ಠ ಒಂದು ತಾಸು ಓದಿಕೊಳ್ಳಬೇಕೆಂದರೆ ಮೊದಲನೆಯವರಿಗೆ ವಾರಕ್ಕೆ ನಾಲ್ಕು ತಾಸು ಸಾಕು, ಎರಡನೆಯವರಿಗೆ ಹದಿನಾರು ಬೇಕು. ಒಟ್ಟು ದುಡಿಮೆ ಒಬ್ಬರದು 25 ತಾಸಾದರೆ ಇನ್ನೊಬ್ಬರದು 32 ದಾಟುತ್ತದೆ. ಇಬ್ಬರೂ ಅವೇ ಪಾಠಗಳನ್ನು ಹಲವು ವರ್ಷ ಹೇಳಿ ಪಳಗಿ, ತಯಾರಿ ಮೂರನೇ ಒಂದು ಪಾಲಿಗೆ ಇಳಿದರೆ, ಇಬ್ಬರೂ ಹೆಚ್ಚುಕಡಿಮೆ 22 ತಾಸಿಗೆ ಬಂದು ನಿಲ್ಲುತ್ತಾರೆ. ಹಾಗಾದರೆ ಯಾರ ಹೊರೆ ಹೆಚ್ಚೆಂಬುದನ್ನು ವಿದ್ಯಾರ್ಥಿಗಳ ಸಂಖ್ಯೆಯೊಂದರಿಂದಲೇ ಹೇಳಲಾಗದು, ಪಠ್ಯ ಎಷ್ಟು ಹೊಸದು ಎಂಬುದನ್ನೂ ಕೇಳಲೇಬೇಕು.

ನಮ್ಮ ರಾಜ್ಯದಲ್ಲಿ ಪಠ್ಯ ಹಳೆಯದಾಗಲು ಯಾರೂ ಬಿಟ್ಟೇ ಇಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಮುಂದಿನ ಸೆಮಿಸ್ಟರಿನಲ್ಲಿ ಮೊದಲೆರಡು ವರ್ಷದವರಿಗೆ ಒಂದು ಪಠ್ಯಕ್ರಮ, ಕೊನೆಯ ವರ್ಷದವರಿಗೆ ಇನ್ನೊಂದು. ನೀತಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದರಿಂದಾದ ಹೆಚ್ಚುವರಿ ದುಡಿಮೆ ಯಾವ ಕಾರ್ಯಭಾರ ಪಟ್ಟಿಯಲ್ಲೂ ದಾಖಲಾಗಲಿಲ್ಲ ಎಂಬುದೇ ನನ್ನ ದೂರು.

ಇದರ ಮೇಲೆ ಪಾಠದಾಚೆಯ ಕೆಲಸಗಳಿವೆ. ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿಗಳ ಪರಿಶೀಲನೆ, ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯ-ಕಾಲೇಜು ನಿರ್ವಹಣಾ ತಂತ್ರಾಂಶದಲ್ಲಿ ಆಂತರಿಕ ಅಂಕಗಳ ಭರ್ತಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಒಪ್ಪಿಸುವ ದಾಖಲೆಗಳು, ಎನ್‌ಎಸ್‌ಎಸ್ ಶಿಬಿರ, ಚುನಾವಣಾ ಕರ್ತವ್ಯ. ಆಡಳಿತ ಮತ್ತು ವಿಸ್ತರಣಾ ಕಾರ್ಯದಲ್ಲಿ ತೊಡಗಿದವರಿಗೆ ವಾರಕ್ಕೆ ಎರಡು ತಾಸಿನ ರಿಯಾಯಿತಿ ಕೊಡಲು ನಿಯಮದಲ್ಲೇ ಅವಕಾಶವಿದೆ. ಕಂಪ್ಯೂಟರ್ ಬಲ್ಲವರು, ಕೇಳಿದರೆ ಇಲ್ಲವೆನ್ನಲಾರದವರು, ಹೊಸದಾಗಿ ಸೇರಿದವರು ವರ್ಷವಿಡೀ ಇವನ್ನೆಲ್ಲ ಹೊರುತ್ತಾರೆ. ಆ ರಿಯಾಯಿತಿಯನ್ನು ಅವರಿಗೆ ಕೇಳದೆಯೇ ಕೊಡಬೇಕು.

ಇಷ್ಟಾದರೂ ಕಾಯಂ ಅಧ್ಯಾಪಕರ ಕಷ್ಟವನ್ನಷ್ಟೇ ಬರೆದರೆ ಅರ್ಧ ಬರೆದಂತೆ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನ ಪಡೆದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿಯೂ ತರಗತಿಗಳು ಬಹುಪಾಲು ಅತಿಥಿ ಉಪನ್ಯಾಸಕರಿಂದಲೇ ನಡೆಯುತ್ತಿವೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು 11,000 ಮತ್ತು 13,000 ರೂಪಾಯಿಗಳಿಂದ ಅರ್ಹತೆ, ಸೇವೆಗೆ ತಕ್ಕಂತೆ 26,000ದಿಂದ 32,000ಕ್ಕೆ ಏರಿಸಿತು, ಜೊತೆಗೆ ವಾರದ ಕಾರ್ಯಭಾರವನ್ನು 15 ತಾಸಿಗೆ ಏರಿಸಿತು. ಹಣ ಹೆಚ್ಚಿಸಿದ್ದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಆದರೆ ಇಬ್ಬರ ನಡುವೆ ಹಂಚಿಹೋಗುತ್ತಿದ್ದ ಪಾಠ ಒಬ್ಬರಿಗೇ ಸಾಲದಾಗಿ, ವರ್ಷಗಟ್ಟಲೆ ದುಡಿದ ಹಲವರು ಹೊರಗುಳಿದರು. ನಾನು ಒಂದು ವಿಭಾಗವನ್ನು ಎರಡಾಗಿ ಒಡೆದರೆ ಒಬ್ಬರಿಗೆ ತಾಸು ತುಂಬುತ್ತದೆ, ಎರಡನ್ನು ಸೇರಿಸಿ ನೂರಿಪ್ಪತ್ತು ಮಂದಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಒಬ್ಬರ ಅನ್ನ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗಿಗೂ ಆ ಕೋಣೆಯಲ್ಲಿ ಪ್ರಶ್ನೆ ಕೇಳುವ ಅವಕಾಶ ಸಿಗುವುದಿಲ್ಲ.

ಆದ್ದರಿಂದ ಕರಡಿನಲ್ಲಿ 16ರ ಪಕ್ಕಕ್ಕೆ ಹೊಸ ಅಂಕಣಗಳನ್ನು ಎಳೆದಿದ್ದೇನೆ: ಬೇರೆ ಬೇರೆ ಪತ್ರಿಕೆಗಳೆಷ್ಟು, ಅವುಗಳಲ್ಲಿ ಮೊದಲ ಸಲ ಬೋಧಿಸುವುದೆಷ್ಟು, ಒಟ್ಟು ವಿದ್ಯಾರ್ಥಿಗಳೆಷ್ಟು, ವಹಿಸಿದ ಇತರ ಕೆಲಸವೇನು. ಅತಿಥಿ ಉಪನ್ಯಾಸಕರ ಹೆಸರುಗಳನ್ನು ಪ್ರತ್ಯೇಕ ಹಾಳೆಗೆ ತಳ್ಳದೆ ಅದೇ ಪಟ್ಟಿಯಲ್ಲಿ ಸೇರಿಸಿದ್ದೇನೆ. ಎರಡಕ್ಕಿಂತ ಹೆಚ್ಚು ಹೊಸ ಪತ್ರಿಕೆ ಬಂದವರಿಗೆ ಈ ಸೆಮಿಸ್ಟರ್ ಸಮಿತಿಯ ಕೆಲಸ ಬೇಡವೆಂದೂ, ನೂರು ದಾಟಿದ ಭಾಷಾ ತರಗತಿಗಳನ್ನು ಒಡೆಯಬೇಕೆಂದೂ ಟಿಪ್ಪಣಿ ಬರೆದಿದ್ದೇನೆ. ಕೋಣೆಗಳ ಕೊರತೆಯ ಮಾತು ಬಂದೇ ಬರುತ್ತದೆ. ಮಧ್ಯಾಹ್ನ ಮೂರರ ನಂತರ ಖಾಲಿ ಉಳಿಯುವ ಕೋಣೆಗಳ ಪಟ್ಟಿಯನ್ನು ಊರಿನ ಬಸ್ಸುಗಳ ಸಮಯದೊಂದಿಗೆ ಹೋಲಿಸಿ ನೋಡುವ ಕೆಲಸ ಇನ್ನೂ ಬಾಕಿಯಿದೆ, ಅದನ್ನು ನಾಳೆ ಕಚೇರಿಯಲ್ಲಿ ಮುಗಿಸಬೇಕು.