ಕೆಸುವಿನ ಗೆಡ್ಡೆ ಹಾಕಿದ ಐಸು

"ಇದರಲ್ಲಿ ಜೆಲಟಿನ್ ಇದ್ಯಾ, ಸರಿಯಾಗಿ ಕೇಳು" ಅಂದಳು ಅಕ್ಕ. ಜೆಲಟಿನ್ ಅಂದರೆ ಜೆಲ್ಲಿ ಗಟ್ಟಿಯಾಗಲು ಹಾಕುವ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪುಡಿ. ಭಾವನಿಗೆ ಸಿಂಚು ಊರಿನ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಕೆಲಸ. ಅವಳು ತೈವಾನಿಗೆ ಬಂದು ನಾಲ್ಕು ವರ್ಷವಾಯಿತು, ಮೊಟ್ಟೆಯನ್ನೂ ಮುಟ್ಟದೆ ಬದುಕಿದ್ದಾಳೆ. ಅವಳ ಚೀನೀ ಭಾಷೆ ತರಕಾರಿ ಮಾರ್ಕೆಟ್ಟಿಗೆ ಸಾಕು, ಜೆಲಟಿನ್ನಿಗೆ ಸಾಲದು. ಅದಕ್ಕೇ ನನ್ನ ಫೋನಿನ ಅನುವಾದದ ಆ್ಯಪ್.

ನಾವು ಕೂತಿದ್ದು ತೈನಾನ್ ಊರಿನ ಒಂದು ಹಳೇ ಐಸಿನಂಗಡಿಯಲ್ಲಿ. ಅಲ್ಲಿಗೆ ಹೋಗುವ ಹೊತ್ತಿಗೆ ಅರ್ಧ ದಿನ ಕೈಬಿಟ್ಟಿತ್ತು. ಹೈಸ್ಪೀಡ್ ರೈಲಿನ ತೈನಾನ್ ನಿಲ್ದಾಣ ಊರೊಳಗಿಲ್ಲ, ದೂರದ ಬಯಲಿನಲ್ಲಿದೆ. ನಾನು ಹೊರಗೆ ಬಂದು "ನಡೆದೇ ಹೋಗೋಣ" ಅಂದಿದ್ದನ್ನು ಅಕ್ಕ ಇನ್ನೂ ಆಡಿಕೊಳ್ಳುತ್ತಾಳೆ. ಪಕ್ಕದಲ್ಲೇ ಶಾಲುನ್ ಅನ್ನುವ ಚಿಕ್ಕ ನಿಲ್ದಾಣವಿದೆ. ಅಲ್ಲಿಂದ ಲೋಕಲ್ ರೈಲು ಹತ್ತಿದರೆ ಊರಿನ ಮಧ್ಯಕ್ಕೆ ಬಿಡುತ್ತದೆ. ನಮಗೆ ಅದು ಗೊತ್ತಾಗಿದ್ದು ಬಿಸಿಲಿನಲ್ಲಿ ಸೂಟ್‌ಕೇಸ್ ಎಳೆದಾದ ಮೇಲೆ.

ಅದಕ್ಕೂ ಮುಂಚೆ ರಾಜಧಾನಿ ತೈಪೆಯಲ್ಲಿ ಕಳೆದ ಮೂರು ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹೆಸರಾದ ಒಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತು ಮಾವಿನ ಐಸು ತಿಂದೆವು. ಹಾಲನ್ನೇ ಹೆಪ್ಪುಗಟ್ಟಿಸಿ ರಿಬ್ಬನ್ನಿನ ಹಾಗೆ ಹೆರೆಯುವ ಹೊಸ ಬಗೆ ಅದು. ಬಾಯಿಗಿಟ್ಟರೆ ಮಾಯ, ಕ್ರೀಮಿನ ಹಾಗೆ. ಫೋಟೋಗೆ ಚೆನ್ನ. ನಾವು ಹೋಗಿದ್ದು ಅಕ್ಟೋಬರಿನಲ್ಲಿ. ಅಲ್ಲಿನ ಮಾವು ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಾತ್ರ. ನಮ್ಮ ಬಟ್ಟಲಿಗೆ ಬಿದ್ದಿದ್ದು ಫ್ರೀಜರಿನ ಹೋಳು, ಹಲ್ಲು ಜುಮ್ ಅಂದಿತು. ಮಾವಿಗಾಗಿಯೇ ಹೋಗುವವರು ಬೇಸಿಗೆಯಲ್ಲಿ ಹೋಗಿ.

ತೈನಾನಿನ ಅಂಗಡಿಯದು ಹಳೇ ಬಗೆ. ದೊಡ್ಡ ಐಸ್ ಗಟ್ಟಿ ಗರಗರ ತಿರುಗುತ್ತದೆ, ಕೆಳಗೆ ಬ್ಲೇಡು. ಇದಕ್ಕೆ ಚೀನೀಯಲ್ಲಿ ಬಾವ್‌ಬಿಂಗ್ ಅನ್ನುತ್ತಾರೆ. ಬಿಂಗ್ ಅಂದರೆ ಐಸು. ಬಡಗಿ ಮರ ಕೀಸುತ್ತಾನಲ್ಲ, ಬಾವ್ ಅನ್ನುವುದು ಆ ಕೆಲಸದ ಮಾತು. ಉದುರಿದ್ದು ಹಿಟ್ಟಲ್ಲ, ನುಚ್ಚು. ನನಗೆ ಇದೇ ಇಷ್ಟ, ಅಗಿಯಲು ಏನಾದರೂ ಇರಬೇಕು. ನಮ್ಮ ಐಸ್ ಗೋಲಾದಲ್ಲಿ ಬಣ್ಣದ ನೀರು ಹೀರಿ ಆದಮೇಲೆ ಉಳಿಯುವುದು ಸಪ್ಪೆ ಐಸು. ಇಲ್ಲಿ ಕಾಕಂಬಿ ಬಣ್ಣದ ಬೆಲ್ಲದ ಪಾಕ, ಅಲಸಂದೆಯಂಥ ಕೆಂಪು ಕಾಳು, ಬೆಂದ ಹೆಸರುಕಾಳು. ಹೆಸರುಬೇಳೆ ಪಾಯಸ ತಿಂದು ಬೆಳೆದವರಿಗೆ ಇದರಲ್ಲಿ ಅಚ್ಚರಿ ಏನಿಲ್ಲ ಬಿಡಿ.

ಕೆಸುವಿನ ಗೆಡ್ಡೆ ಮಾತ್ರ ಬೆಚ್ಚಿಬೀಳಿಸಿತು. ನಾವು ಮಲೆನಾಡಿನ ಸಾಗರದ ಕಡೆಯವರು. ಹುಣಸೆಹುಳಿ ಇಲ್ಲದೆ ನಮ್ಮಲ್ಲಿ ಯಾರೂ ಕೆಸುವಿನ ತಂಟೆಗೆ ಹೋಗಲ್ಲ, ಗಂಟಲು ಕೆರೆಯುತ್ತದೆ. ಇಲ್ಲಿ ಅದನ್ನು ಬೆಣ್ಣೆಯ ಹಾಗೆ ಬೇಯಿಸಿ, ಸಕ್ಕರೆ ಹಿಡಿಸಿ, ಐಸಿನ ಮೇಲೆ ಇಟ್ಟಿದ್ದಾರೆ! ಹೆದರುತ್ತಲೇ ತಿಂದೆ. ಕೆರೆತ ಇಲ್ಲ. ಇನ್ನೊಂದು ಹೋಳು ಬೇಕೆನಿಸಿತು.

ಅಕ್ಕನ ಅನುಮಾನ ಪಕ್ಕದಲ್ಲಿ ನಡುಗುತ್ತಿದ್ದ ಜೇನು ಬಣ್ಣದ ಜೆಲ್ಲಿಯ ಮೇಲೆ. ಆ್ಯಪ್ ಏನು ಅನುವಾದ ಮಾಡಿತೋ, ಅಂಗಡಿಯ ಅಜ್ಜಿ ಜೋರಾಗಿ ನಕ್ಕಳು. ಅಲ್ಲಿ ಅಜ್ಜಿಗೆ "ಅಮಾ" ಅನ್ನುತ್ತಾರೆ. ಅಕ್ಕ ಹಾಗೆ ಕರೆದಳು, ನನಗೆ ಮನೆಯಲ್ಲಿ ಅಮ್ಮನನ್ನು ಕರೆದ ಹಾಗೇ ಕೇಳಿಸಿತು. ಅಮಾ ನಮ್ಮನ್ನು ಹಿಂದಿನ ಅಡುಗೆಮನೆಗೇ ಕರೆದೊಯ್ದಳು. ಕಾಲೇಜು ಓದುವ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

ಅದರ ಹೆಸರು ಐಯು. ಬೆಟ್ಟದ ಕಾಡಿನಲ್ಲಿ ಹಬ್ಬುವ ಬಳ್ಳಿಯ ಕಾಯಿ, ನಮ್ಮ ಅತ್ತಿಯ ಜಾತಿಯದೇ. ಅದನ್ನು ಸೀಳಿ, ಒಳಗಿನ ಮೈ ಹೊರಗೆ ಮಾಡಿ ಒಣಗಿಸುತ್ತಾರೆ. ಅಮಾ ಒಂದು ಹಿಡಿ ಬೀಜ ಬಟ್ಟೆಯ ಚೀಲಕ್ಕೆ ಹಾಕಿ ತಣ್ಣೀರಿನಲ್ಲಿ ಅದ್ದಿ ಹಿಂಡತೊಡಗಿದಳು. ಬೆಂಕಿ ಇಲ್ಲ, ಒಲೆ ಇಲ್ಲ. ಚೀಲದಿಂದ ಲೋಳೆ ಇಳಿಯಿತು.

"ಸಕ್ಕರೆ?" ಅಂದಳು ಅಕ್ಕ.

"ಈಗ ಹಾಕಿದರೆ ಕೆಟ್ಟುಹೋಗುತ್ತೆ. ಕೈಯಲ್ಲಿ ಎಣ್ಣೆಯ ಪಸೆಯೂ ಇರಬಾರದು ಅಂತಾಳೆ ಅಮಾ."

"ಎಷ್ಟು ಹೊತ್ತು ಕಾಯಬೇಕು?"

"ನಿಮ್ಮ ಬಟ್ಟಲು ಖಾಲಿ ಮಾಡಿ ಬನ್ನಿ."

ಹಾಗೇ ಮಾಡಿದೆವು. ವಾಪಸ್ ಬಂದಾಗ ಪಾತ್ರೆಯ ನೀರು ಹೆಪ್ಪಾಗಿತ್ತು. ಅಮಾ ಒಂದು ಕಥೆ ಹೇಳಿದಳು. ಬಿಸಿಲಲ್ಲಿ ನಡೆದು ದಣಿದ ವ್ಯಾಪಾರಿ ಹೊಳೆಯ ನೀರು ಕುಡಿಯಲು ಬಗ್ಗಿದನಂತೆ. ನೀರು ಗಟ್ಟಿಯಾಗಿತ್ತಂತೆ. ತಲೆ ಎತ್ತಿ ನೋಡಿದರೆ ಮೇಲಿಂದ ಈ ಬೀಜ ಉದುರುತ್ತಿತ್ತು. ಅದನ್ನು ಮನೆಗೆ ತಂದ, ಮಗಳು ಜೆಲ್ಲಿ ಮಾಡಿ ಮಾರಿದಳು, ಅವಳ ಹೆಸರೇ ಐಯು. "ಬೇಗ ತಿನ್ನಿ, ಬಿಟ್ಟರೆ ಮತ್ತೆ ನೀರು ಬಿಡುತ್ತೆ" ಅಂತ ಗದರಿದಳು. ಅಕ್ಕ ಎರಡು ಬಟ್ಟಲು ತಿಂದಳು, ನಿಂಬೆರಸ ಹಿಂಡಿಕೊಂಡು.

ಹೊರಡುವಾಗ ಒಂದು ಪೊಟ್ಟಣ ಬೀಜ ಕೊಂಡೆ. ಬೆಂಗಳೂರಿಗೆ ಬಂದು ಆರ್‌ಓ ನೀರಿನಲ್ಲಿ ಕೈ ನೋಯುವವರೆಗೆ ಹಿಂಡಿದೆ. ರಾತ್ರಿಯಾದರೂ ನೀರು ನೀರೇ. ಅಕ್ಕನಿಗೆ ಫೋನ್ ಮಾಡಿದರೆ ಅವಳು ಮೊಮ್ಮಗಳನ್ನು ಕೇಳಿ ಹೇಳಿದಳು: ನೀರಿನಲ್ಲಿ ಸುಣ್ಣದ ಅಂಶ ಇರಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಆರ್‌ಓ ಅದನ್ನೇ ಸೋಸಿ ತೆಗೆದುಬಿಡುತ್ತೆ. ಸುಣ್ಣಕ್ಕೇನು ಬರ, ನಮ್ಮ ಬೋರ್‌ವೆಲ್ ನೀರಿಗೆ ಗೀಸರೇ ಎರಡು ಸಲ ಕೆಟ್ಟಿದೆ! ಉಳಿದ ಬೀಜವನ್ನು ನಲ್ಲಿಯ ನೀರಿನಲ್ಲೇ ಹಿಂಡಿದೆ. ಅರ್ಧ ಗಂಟೆಗೆ ಗಟ್ಟಿಯಾಗಿ ನಡುಗುತ್ತಾ ಕೂತಿತು. ಬೋರ್‌ವೆಲ್ ನೀರು ಅಂತ ಗೊತ್ತಿದ್ದ ಮೇಲೆ ತಿನ್ನಲು ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ.