ಪ್ರಾಗ್‌ನ ಗೋಡೆಗಳಾಚೆಯ ಉದ್ಯಾನಗಳು

ಪ್ರಾಗ್‌ಗೆ ಬರುವ ನಮ್ಮವರು ಚಾರ್ಲ್ಸ್ ಸೇತುವೆ ದಾಟಿ ಸೀದಾ ಕೋಟೆ ಹತ್ತುತ್ತಾರೆ. ನಡುವೆ ಸಿಗುವ ಹಳೆಯ ಬಡಾವಣೆ ಮಲಾ ಸ್ತ್ರಾನಾದಲ್ಲಿ ನಿಲ್ಲುವವರು ಕಡಿಮೆ. ಅವರನ್ನೂ ದೂರುವಂತಿಲ್ಲ. ಬೀದಿಯಿಂದ ಕಾಣುವುದು ಉದ್ದನೆಯ ಗೋಡೆ, ಮುಚ್ಚಿದ ದೊಡ್ಡ ಬಾಗಿಲು, ಅಷ್ಟೇ. ಶ್ರೀಮಂತ ಮನೆತನಗಳ ಉದ್ಯಾನಗಳೆಲ್ಲ ಅದರಾಚೆ ಇವೆ.

ಇವುಗಳಲ್ಲಿ ದೊಡ್ಡ ಗೋಡೆ ವಾಲೆನ್‌ಸ್ಟೈನ್‌ನದು. ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ (1618–48) ಪವಿತ್ರ ರೋಮನ್ ಚಕ್ರವರ್ತಿಯ ಸೇನಾಪತಿಯಾಗಿದ್ದವನು. ಯುದ್ಧದಲ್ಲಿ ಸೋತವರ ಆಸ್ತಿ ಅಗ್ಗಕ್ಕೆ ಕೊಂಡು ಕುಬೇರನಾದ. ಇಪ್ಪತ್ತಕ್ಕೂ ಜಾಸ್ತಿ ಮನೆ ಕೆಡವಿಸಿ 1620ರ ದಶಕದಲ್ಲಿ ಈ ಅರಮನೆ ಎಬ್ಬಿಸಿದ. ಚಾವಣಿಯ ಚಿತ್ರದಲ್ಲಿ ಯುದ್ಧದೇವತೆ ಮಾರ್ಸ್ ಆಗಿ ತನ್ನನ್ನೇ ಬರೆಸಿಕೊಂಡ! ಕೊನೆಗೆ ಚಕ್ರವರ್ತಿಗೇ ಅನುಮಾನ ಬಂದು, 1634ರಲ್ಲಿ ಅವನ ಕೊಲೆಯಾಯಿತು. ಉದ್ಯಾನದ ಕಂಚಿನ ಪ್ರತಿಮೆಗಳನ್ನು 1648ರಲ್ಲಿ ಸ್ವೀಡನ್ ಸೈನಿಕರು ಹೊತ್ತೊಯ್ದರು. ಈಗ ನಿಂತಿರುವುದು ನಕಲುಗಳು. ಅರಮನೆಯಲ್ಲಿ ಈಗ ಜೆಕ್ ಸಂಸತ್ತಿನ ಮೇಲ್ಮನೆ ಸೆನೆಟ್ ಇದೆ. ಉದ್ಯಾನಕ್ಕೆ ಟಿಕೆಟ್ ಇಲ್ಲ, ನವಿಲುಗಳು ಕಾಲ ಬಳಿಯೇ ಓಡಾಡುತ್ತವೆ. ಒಂದು ಪಕ್ಕದಲ್ಲಿ ಗುಹೆಯ ಕಲ್ಲಿನಂತೆ ಕೃತಕವಾಗಿ ಮಾಡಿದ ಕಪ್ಪು ಗೋಡೆಯಿದೆ. ಅದರೊಳಗೆ ಮುಖಗಳು, ಪ್ರಾಣಿಗಳು ಕಾಣುತ್ತವೆ ಎನ್ನುತ್ತಾರೆ. ನನಗೆ ಸುಟ್ಟ ಬೆಲ್ಲದ ಪಾಕ ಸುರಿದಂತೆ ಕಂಡಿತು.

ಚೆಲುವಿಗೆ ವ್ರ್ತಬಾ ಉದ್ಯಾನ. ಮೆಟ್ಟಿಲು ಮೆಟ್ಟಿಲಾಗಿ ಗುಡ್ಡಕ್ಕೆ ಹತ್ತುತ್ತದೆ. ಟಿಕೆಟ್ ಇದೆ, ಕೊಟ್ಟರೆ ಮೋಸವಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಒಳಗೆ ಕಾಲಿಡಲಾಗದ ಉದ್ಯಾನ, ಲೋಬ್ಕೊವಿಟ್ಸ್ ಅರಮನೆಯದು. (ಕೋಟೆಯೊಳಗೂ ಇದೇ ಹೆಸರಿನ ಇನ್ನೊಂದಿದೆ, ಮ್ಯಾಪ್ ನೋಡುವಾಗ ಹುಷಾರು.) ಇದು ಜರ್ಮನಿಯ ರಾಯಭಾರ ಕಚೇರಿ, 1989ರಲ್ಲಿ ಪಶ್ಚಿಮ ಜರ್ಮನಿಯದು. ಆಗ ಪೂರ್ವ ಜರ್ಮನಿಯ ಜನ ಪಶ್ಚಿಮಕ್ಕೆ ಹೋಗುವಂತಿರಲಿಲ್ಲ, ಪ್ರಾಗ್‌ಗೆ ಬರಬಹುದಿತ್ತು. ಬಂದವರು ಪಶ್ಚಿಮಕ್ಕೆ ಹೋಗುವ ಆಸೆಯಿಂದ ಮಕ್ಕಳನ್ನು ಎತ್ತಿ ದಾಟಿಸಿ, ತಾವೂ ಈ ಕಚೇರಿಯ ಬೇಲಿ ಹಾರಿದರು. ಸೆಪ್ಟೆಂಬರ್ ಕೊನೆಗೆ ಅಲ್ಲಿ ಸುಮಾರು 4,000 ಜನ. ಹುಲ್ಲುಹಾಸೆಲ್ಲ ಡೇರೆ, ಕೆಸರು. 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಸಚಿವ ಗೆನ್ಷರ್ ಬಾಲ್ಕನಿಗೆ ಬಂದು, ನೀವು ಹೊರಡಬಹುದು ಎಂದು ಹೇಳಹೊರಟರು. ವಾಕ್ಯ ಮುಗಿಯಲೇ ಇಲ್ಲ, ಜನರ ಕೂಗಿನಲ್ಲಿ ಮುಳುಗಿತು. ನವೆಂಬರ್ 9ಕ್ಕೆ ಬರ್ಲಿನ್ ಗೋಡೆಯೂ ಬಿತ್ತು.

ಬೇಲಿ ಹಾರಿದವರು ಬೀದಿಯಲ್ಲೇ ಬಿಟ್ಟುಹೋದ ಟ್ರಾಬಂಟ್ ಎಂಬ ಪೂರ್ವ ಜರ್ಮನಿಯ ಕಾರುಗಳ ನೆನಪಿಗೆ, ನಾಲ್ಕು ಕಾಲಿನ ಮೇಲೆ ನಿಂತ ಟ್ರಾಬಂಟ್ ಶಿಲ್ಪವೊಂದು ಅಲ್ಲಿದೆ. ಜೆಕ್ ಶಿಲ್ಪಿ ದಾವಿದ್ ಚೆರ್ನಿ ಮಾಡಿದ್ದು. ಪೆಟ್ರಿನ್ ಗುಡ್ಡದ ಕಡೆಯಿಂದ ಹಿಂಬದಿಗೆ ಹೋದರೆ ಬೇಲಿಯ ಸಂದಿಯಲ್ಲಿ ಕಾಣುತ್ತದೆ. ಬರುವುದಾದರೆ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಬನ್ನಿ. ಚಳಿಗಾಲದಲ್ಲಿ ವಾಲೆನ್‌ಸ್ಟೈನ್ ಉದ್ಯಾನದ ಬಾಗಿಲು ಹಾಕಿರುತ್ತದೆ.