ಪೈಲಟ್ ಆಗಿದ್ದವರು ಎಲ್‌ಐಸಿ ಏಜೆಂಟ್ ಯಾಕಾದರು?

ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ತಿಪಟೂರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏರ್‌ಫೋರ್ಸಲ್ಲಿ ವಿಮಾನ ಓಡಿಸ್ತಿದ್ದೋರು, ಅದ್ಯಾಕೆ ಕೊನೆಗೆ ಬ್ಯಾಗ್ ಹಿಡ್ಕೊಂಡು ಇನ್ಶೂರೆನ್ಸ್ ಮಾಡ್ಸೋಕೆ ಬಂದ್ರು?"

ಆ 'ಕೊನೆಗೆ' ಎನ್ನುವುದರಲ್ಲಿ ಒಂದು ಅಯ್ಯೋ ಪಾಪ ಇರುತ್ತದೆ. ದುಡ್ಡಿಗೆ ತಾಪತ್ರಯವೇ, ಕುಡಿತವೇ, ಅಲ್ಲೇನಾದರೂ ಎಡವಟ್ಟಾಯಿತೇ? ಯಾವುದೂ ಇಲ್ಲ. ಪಿಂಚಣಿ ಬರುತ್ತಿತ್ತು, ಮೂರೆಕರೆ ತೆಂಗಿನ ತೋಟ ಇತ್ತು. ಎಲ್ಲಕ್ಕೂ ಕಾರಣ ಅವರ ಕಿವಿ.

ಅವರು ಓಡಿಸಿದ್ದು 'ಪ್ಯಾಕೆಟ್'. ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ಸಿ-119, ಜೋಡಿ ಬಾಲದ ಸಾಗಣೆ ವಿಮಾನ. ಹಿಂಬಾಗಿಲು ಕಳಚಿಟ್ಟು ಹಾರಿದರೆ ಸಾಮಾನನ್ನು ಸೀದಾ ಕೆಳಕ್ಕೆ ತಳ್ಳಬಹುದು. ಎರಡು ಪಿಸ್ಟನ್ ಎಂಜಿನ್‌ಗಳ ಕಸುವು ಹಿಮಾಲಯಕ್ಕೆ ಸಾಲದೆಂದು ಬೆನ್ನ ಮೇಲೊಂದು ಜೆಟ್ ಎಂಜಿನ್ ಬೇರೆ ಕೂರಿಸಿದ್ದರು, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್. 1962ರ ಜುಲೈನಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,000 ಅಡಿಗೂ ಮೇಲೆ, ಇಳಿದದ್ದು ಪ್ಯಾಕೆಟ್ಟೇ. ದೊಡ್ಡಪ್ಪ ಆಗಿನ್ನೂ ಕಾಲೇಜಿನಲ್ಲಿದ್ದರು. ಆದರೂ ಆ ಕಥೆ ಹೇಳುವಾಗ ತಾವೇ ಇಳಿಸಿದಷ್ಟು ಬೀಗುತ್ತಿದ್ದರು.

ಬಾಂಗ್ಲಾ ಯುದ್ಧದಲ್ಲಿ, 1971ರ ಡಿಸೆಂಬರ್ 11ರಂದು, ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ನಮ್ಮ ಪ್ಯಾರಾಟ್ರೂಪರ್‌ಗಳನ್ನು ಇಳಿಸಿದ ವಿಮಾನಗಳ ಸಾಲಿನಲ್ಲಿ ಮಾತ್ರ ಅವರಿದ್ದರು. ಊರಿನವರಿಗೆ ಬೇಕಾಗಿದ್ದುದು ಆ ಕಥೆ. ಅವರು ಹೇಳುತ್ತಿದ್ದುದು ಅಕ್ಕಿ ಮೂಟೆಯದು. ಆಗ ನೇಫಾ ಎನ್ನುತ್ತಿದ್ದ ಅರುಣಾಚಲದ ಕಣಿವೆಗಳಲ್ಲಿ ರಸ್ತೆಯಿಲ್ಲದ ಠಾಣೆಗಳಿಗೆ ರೇಷನ್ ಹೋಗುತ್ತಿದ್ದುದೇ ಆಕಾಶದಿಂದ. ಅಕ್ಕಿಗೆ ಪ್ಯಾರಾಚೂಟ್ ದಂಡ ಅಂತ ಹಾಗೇ ಎಸೆಯುವುದು. ಗೋಣಿಚೀಲದ ಮೇಲೊಂದು ಸಡಿಲವಾದ ಗೋಣಿಚೀಲ. ಬಿದ್ದ ಏಟಿಗೆ ಒಳಗಿನದು ಸಿಡಿದರೂ ಅಕ್ಕಿ ಹೊರಗಿನದರಲ್ಲಿ ಉಳಿಯುತ್ತದೆ. ಎದುರಿಗಿದ್ದವರ ಅಡಿಕೆ ಪೊಟ್ಟಣ ಕಿತ್ತುಕೊಂಡು ತಮ್ಮ ಕರ್ಚೀಫಿನಲ್ಲಿ ಸಡಿಲವಾಗಿ ಸುತ್ತಿ, ಜಗಲಿ ಮೇಲಿಂದ ಬೀಳಿಸಿ ತೋರಿಸುತ್ತಿದ್ದರು. ಪ್ಯಾರಾಚೂಟ್ ಕಟ್ಟಿ ಕುರಿ ಇಳಿಸಿದ ಕಥೆಯೂ ಒಂದಿತ್ತು. ನನ್ನ ಬಾಲ್ಯದಲ್ಲಿ ನಾಲ್ಕಿದ್ದ ಕುರಿ, ನನ್ನ ಮದುವೆ ಹೊತ್ತಿಗೆ ಮೂವತ್ತಾಗಿದ್ದವು.

ಆ ಎಂಜಿನ್‌ಗಳ ಗದ್ದಲ ವರ್ಷಗಟ್ಟಲೆ ಕಿವಿಗೆ ಬಡಿದು, ಮೆಡಿಕಲ್‌ನಲ್ಲಿ ಫೇಲಾದರು. ಹಾರಾಟ ನಿಂತಿತು. ವಿಮಾನ ಕಂಪನಿಗಳ ದಾರಿಯೂ ಅಲ್ಲಿಗೇ ಮುಚ್ಚಿತು. ಟೇಬಲ್ ಕೆಲಸ ಕೊಟ್ಟರು. ಫೈಲು ತಿರುಗಿ ಮಾತಾಡುವುದಿಲ್ಲವಲ್ಲ! ಪಿಂಚಣಿಗೆ ಬೇಕಾದ ಇಪ್ಪತ್ತು ವರ್ಷ ತುಂಬಿದ ತಕ್ಷಣ ಊರಿಗೆ ಬಂದುಬಿಟ್ಟರು. ತೋಟದಲ್ಲೂ ಅದೇ ಗೋಳು. "ತೆಂಗಿನ ಮರದ ಹತ್ರ ಎಷ್ಟು ಅಂತ ಮಾತಾಡ್ಲೋ?" ಅನ್ನುತ್ತಿದ್ದರು. ದಿನಾ ಹತ್ತು ಮನೆ ಹೊಕ್ಕು, ಕಾಫಿ ಕುಡಿದು, ಮಾತಾಡಿದರೆ ಯಾರೂ ಏನೂ ಅನ್ನದ ಕೆಲಸ ಊರಿನಲ್ಲಿ ಇದ್ದದ್ದು ಅದೊಂದೇ.

ಇನ್ನು ಕಿವುಡಿನ ಮಹಿಮೆ. ಕಿವಿ ಮಂದವಾದವರು ಜೋರಾಗಿ ಮಾತಾಡುತ್ತಾರೆ, ದೊಡ್ಡಪ್ಪನದಂತೂ ಬೀದಿಗೆಲ್ಲ ಕೇಳುವ ಗಂಟಲು. ಕೊಬ್ಬರಿ ಹರಾಜಿನ ದಿನ ಸಂಜೆ, ಕೈಯಲ್ಲಿ ನಾಲ್ಕು ಕಾಸಿರುವ ಹೊತ್ತಿಗೆ ಸರಿಯಾಗಿ ಸ್ಕೂಟರ್ ನಿಲ್ಲಿಸಿ, "ಐವತ್ತು ಸಾವಿರದ್ದು ಮಾಡ್ಸಿದೀಯ, ಸಾಲದು ಕಣಯ್ಯಾ!" ಅಂತ ಶುರುಮಾಡಿದರೆ, ಆ ಯಜಮಾನರು "ಮೆಲ್ಲಗೆ ಸಾರ್, ಮೆಲ್ಲಗೆ" ಅನ್ನುವಷ್ಟರಲ್ಲಿ ಪಕ್ಕದ ಮನೆಯವರಿಗೆ ಮೊತ್ತ ತಿಳಿದಿರುತ್ತಿತ್ತು. ಮಾರನೆಯ ದಿನ ಪಕ್ಕದ ಮನೆಯಾತ ಒಂದು ಲಕ್ಷದ್ದು ಮಾಡಿಸುತ್ತಿದ್ದ. ಇದು ಬೇಕೆಂದೇ ಮಾಡುತ್ತಿದ್ದ ಉಪಾಯವೋ ಏನೋ. ಕೇಳಿದಾಗೆಲ್ಲ ನನ್ನ ಪ್ರಶ್ನೆ ಕೇಳಿಸಲಿಲ್ಲ ಎಂಬಂತೆ ನಗುತ್ತಿದ್ದರು.

ಏಜೆಂಟರಿಗೆ ಮೊದಲ ವರ್ಷದ ಕಮಿಷನ್ ದೊಡ್ಡದು, ಆಮೇಲಿನದು ಸಣ್ಣದು. ಹಾಗಾಗಿ ಪಾಲಿಸಿ ಮಾಡಿಸಿ ಮಾಯವಾಗುವವರೇ ಹೆಚ್ಚು. ಇವರು ಹೋಗುತ್ತಲೇ ಇದ್ದರು. ಕಂತು ಕಟ್ಟಲು ಗಡುವಿನ ಮೇಲೆ ಸಿಗುವ ಮೂವತ್ತು ದಿನವೂ ಮುಗಿಯುತ್ತ ಬಂದಿದೆ ಎಂದರೆ ಕಂತಿಗೆ ತಾವೇ ದುಡ್ಡು ಹಾಕಿ ರಸೀದಿ ತಂದುಕೊಡುತ್ತಿದ್ದರು. ಅದರಲ್ಲಿ ವಾಪಸ್ ಬಂದದ್ದೆಷ್ಟು ಅಂತ ದೊಡ್ಡಮ್ಮನನ್ನು ಮಾತ್ರ ಕೇಳಬೇಡಿ.

ಮಗ ತಂದುಕೊಟ್ಟ ಕಿವಿ ಮಷೀನು ಡ್ರಾಯರಿನಲ್ಲೇ ಇರುತ್ತಿತ್ತು. ಹಾಕ್ಕೊಳ್ಳಿ ಅಂದರೆ ಸಿಡುಕುತ್ತಿದ್ದರು. ಒಂದು ಸಲ ಮಾತ್ರ ನಾನು ಕಂಡದ್ದು. ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬ ಹುಡುಗ ಲಾರಿ ಅಪಘಾತದಲ್ಲಿ ಹೋಗಿದ್ದ. ಕ್ಲೇಮ್ ಫಾರ್ಮ್ ತುಂಬಿಸಲು ಹೊರಟಾಗ ನನ್ನನ್ನೂ ಸ್ಕೂಟರ್ ಹಿಂದೆ ಕೂರಿಸಿಕೊಂಡರು. ಆ ಮನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಜೇಬಿನಿಂದ ಮಷೀನು ತೆಗೆದು, ಕೈ ನಡುಗಿದರೂ ನನಗೆ ಕೊಡದೆ, ತಾವೇ ಕಿವಿಗೆ ಸಿಕ್ಕಿಸಿಕೊಂಡರು. ಒಳಗೆ ಅವನ ಹೆಂಡತಿ ಒಂದು ಗಂಟೆ ಮಾತಾಡಿದಳು. ದೊಡ್ಡಪ್ಪ ಬಾಯಿ ಬಿಟ್ಟದ್ದು ಒಂದೇ ಸಲ, ಎಲ್ಲಿ ಸಹಿ ಹಾಕಬೇಕೆಂದು ತೋರಿಸಲು. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುವ ಮೊದಲು ಅದನ್ನು ಕಿತ್ತು ಮತ್ತೆ ಜೇಬಿಗೆ ಹಾಕಿಕೊಂಡರು.